ಬೀಗದ ಕೈ ಕೊಟ್ಟ ಮೇಲೊಮ್ಮೆ ಒಳಗೆ ಬನ್ನಿ: ಕಟ್ಟಡ ನಿಯಮ ಬರೆಯುವವರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ಕಟ್ಟಡಗಳ ಗಾಳಿ, ಬೆಳಕು, ಬಿಸಿಯ ಲೆಕ್ಕ ಹಾಕಿಕೊಡುವ ಎಂಜಿನಿಯರ್ ನಾನು. ನೀವು ಬರೆದ ನಿಯಮಗಳನ್ನು ಓದಿ, ಅವಕ್ಕೆ ಹೊಂದುವಂತೆ ನಕ್ಷೆಯ ಮೇಲೆ ಅಂಕಿ ತುಂಬಿ, ಸಹಿ ಮಾಡಿ ನಿಮ್ಮ ಕಚೇರಿಗೆ ಕಳಿಸುವುದು ನನ್ನ ವೃತ್ತಿ. ಹಾಗಾಗಿ ಇದನ್ನು ಹೊರಗಿನವರ ದೂರು ಎಂದು ಬದಿಗಿಡಬೇಡಿ. ಒಂದೇ ಕಡತದ ಎರಡು ತುದಿಯಲ್ಲಿ ಕೂತವರ ನಡುವಿನ ಮಾತು ಇದು.

ನಮ್ಮಿಬ್ಬರ ಕೆಲಸವೂ ಒಂದೇ ದಿನ ಮುಗಿಯುತ್ತದೆ. ವಾಸಯೋಗ್ಯ ಪ್ರಮಾಣಪತ್ರ ಹೊರಬಿದ್ದ ದಿನ ಕಡತ ಮುಚ್ಚುತ್ತದೆ, ಜನ ಒಳಗೆ ಹೋಗುತ್ತಾರೆ. ಆಮೇಲೆ ಆ ಕೋಣೆ ರಾತ್ರಿ ಎಷ್ಟು ಕಾದಿತ್ತು, ಗೋಡೆಗೆ ಬೂಷ್ಟು ಹಿಡಿಯಿತೇ, ಮಗುವಿನ ಕೆಮ್ಮು ಹೆಚ್ಚಿತೇ, ವಯಸ್ಸಾದವರಿಗೆ ನಿದ್ದೆ ಬಂತೇ ಎಂದು ಯಾರೂ ಹೋಗಿ ನೋಡುವುದಿಲ್ಲ. ಲಿಫ್ಟಿಗೆ ಕಾಲಕಾಲಕ್ಕೆ ತಪಾಸಣೆಯಿದೆ, ಸೇತುವೆಗಿದೆ, ಬಾಯ್ಲರಿಗಿದೆ. ಮನುಷ್ಯ ಅರ್ಧ ಆಯಸ್ಸು ಮಲಗೇಳುವ ಕೋಣೆಗೆ ಮಾತ್ರ ಕಟ್ಟಿದ ದಿನದ ಕಾಗದವೇ ಕೊನೆಯ ಮಾತು. ನಾನು ಕೇಳುವುದು ಒಂದೇ: ಜನ ವಾಸಕ್ಕೆ ಬಂದ ಮೇಲೆ ಹೋಗಿ ಅಳೆಯುವುದನ್ನೂ ಅವರನ್ನು ಕೇಳುವುದನ್ನೂ ಕಾನೂನಿನ ಭಾಗ ಮಾಡಿ, ಅಲ್ಲಿ ತಿಳಿದದ್ದರಿಂದ ನಿಯಮವನ್ನು ತಿದ್ದಿ.

ಅಮೆರಿಕದಲ್ಲಿ 1990ರ ದಶಕದಲ್ಲಿ ನಡೆದ ದೊಡ್ಡ ಸಮೀಕ್ಷೆಯೊಂದರಲ್ಲಿ, ಜನ ತಮ್ಮ ಸಮಯದ ಶೇ 87ರಷ್ಟನ್ನು ಕಟ್ಟಡಗಳೊಳಗೆ, ಇನ್ನೊಂದು ಶೇ 6ರಷ್ಟನ್ನು ವಾಹನಗಳೊಳಗೆ ಕಳೆಯುತ್ತಾರೆಂದು ಕಂಡುಬಂತು. ಕಟ್ಟಡದೊಳಗಿನ ಆ ಹೊತ್ತಿನಲ್ಲಿ ದೊಡ್ಡ ಪಾಲು ಸ್ವಂತ ಮನೆಯದು. ಹೊರಗಿನ ಗಾಳಿಗೆ ಮಿತಿ ಹಾಕಿದ್ದೇವೆ, ಅಳೆಯುವ ಕೇಂದ್ರಗಳನ್ನು ನಿಲ್ಲಿಸಿದ್ದೇವೆ. ಒಳಗಿನ ಗಾಳಿಯ ಬಗ್ಗೆ ಸಂಶೋಧನೆ ರಾಶಿಯಿದ್ದರೂ ಕಾನೂನು ಹೊಸ್ತಿಲಲ್ಲೇ ನಿಂತುಬಿಡುತ್ತದೆ.

ನಾವು ಕಣ್ಣುಮುಚ್ಚಿ ಬಳಸುವ ಅಂಕಿಗಳು ಎಲ್ಲಿಂದ ಬಂದವು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನನ್ನ ಬೇಡಿಕೆಯ ಬೇರು ಅಲ್ಲಿದೆ. ಕೋಣೆಯ ಹಿತವಾದ ಉಷ್ಣತೆಯ ಲೆಕ್ಕಕ್ಕೆ ಜಗತ್ತೆಲ್ಲ ನೆಚ್ಚಿಕೊಂಡಿರುವುದು ಡೆನ್ಮಾರ್ಕಿನ ಓಲೆ ಫ್ಯಾಂಗರ್ ಅವರ ಸಮೀಕರಣವನ್ನು. 1970ರಲ್ಲಿ ಅವರು ಮಂಡಿಸಿದ್ದು ನಿಜಕ್ಕೂ ದೊಡ್ಡ ಕೆಲಸ. ಅದಕ್ಕೂ ಮುಂಚೆ ನಾವು ಬಹುಪಾಲು ಥರ್ಮಾಮೀಟರಿನ ಒಂದು ಅಂಕಿಯನ್ನೇ ಹಿಡಿದುಕೊಂಡು ಕೂತಿದ್ದೆವು. ಹಿತ ಅನ್ನುವುದು ಗಾಳಿಯ ಉಷ್ಣತೆಯೊಂದರ ಮಾತಲ್ಲ, ಸುತ್ತಲ ಗೋಡೆ ಚಾವಣಿಗಳು ಸೂಸುವ ಬಿಸಿ, ತೇವಾಂಶ, ಗಾಳಿಯ ವೇಗ, ತೊಟ್ಟ ಬಟ್ಟೆ, ದೇಹ ತಾನೇ ಹುಟ್ಟಿಸುವ ಶಾಖ ಇವೆಲ್ಲ ಸೇರಿ ಆಗುವಂಥದ್ದು ಎಂದು ಅವರು ಲೆಕ್ಕದಲ್ಲಿ ತೋರಿಸಿದರು. ಇನ್ನೊಂದು ಪ್ರಾಮಾಣಿಕ ಮಾತನ್ನೂ ಅದರೊಳಗೇ ಇಟ್ಟರು: ಎಷ್ಟೇ ಚೆನ್ನಾಗಿ ಹೊಂದಿಸಿದರೂ ನೂರರಲ್ಲಿ ಐದು ಜನ ಅತೃಪ್ತರಾಗಿಯೇ ಇರುತ್ತಾರೆ.

ಆದರೆ ಆ ಸಮೀಕರಣದ ಹಿಂದಿದ್ದ ದೇಹಗಳು ಯಾರವು? ಬಹುಪಾಲು ಕಾಲೇಜು ವಿದ್ಯಾರ್ಥಿಗಳವು. ಎಲ್ಲರಿಗೂ ಒಂದೇ ಬಗೆಯ ಬಟ್ಟೆ ತೊಡಿಸಿ, ಪ್ರಯೋಗಾಲಯದ ಮುಚ್ಚಿದ ಕೋಣೆಯಲ್ಲಿ ಕೂರಿಸಿ, ಮೈನಸ್ ಮೂರರಿಂದ ಪ್ಲಸ್ ಮೂರರವರೆಗಿನ ಅಳತೆಪಟ್ಟಿಯಲ್ಲಿ ಚಳಿಯೋ ಸೆಕೆಯೋ ಹೇಳಿ ಎಂದು ಕೇಳಿದ್ದು. ಸಂಶೋಧನೆಯ ಮಟ್ಟಿಗೆ ಇದರಲ್ಲಿ ತಪ್ಪೇನೂ ಇಲ್ಲ. ಎಡವಟ್ಟು ಆದದ್ದು ಆಮೇಲೆ. ಆರೋಗ್ಯವಂತ ಯುವಜನರು ಕೂತಲ್ಲಿ ಕೊಟ್ಟ ಉತ್ತರವನ್ನು ಮಾನದಂಡಗಳು ಎತ್ತಿಕೊಂಡವು. ಅಲ್ಲಿಂದ ಅದು ನಮ್ಮಂಥವರ ಸಾಫ್ಟ್‌ವೇರ್‌ಗೆ ಇಳಿಯಿತು, ಕೊನೆಗೆ ಎಲ್ಲ ವಯಸ್ಸಿನ, ಎಲ್ಲ ಮೈಕಟ್ಟಿನ, ಎಲ್ಲ ಋತುವಿನ ಜನರಿಗೂ ಅದೇ ಉತ್ತರವಾಯಿತು. ಒಂದೇ ಅಳತೆಯ ಚಪ್ಪಲಿ ಹೊಲಿದು ಊರಿಗೆಲ್ಲ ಹಂಚಿದ ಹಾಗೆ.

ಕಚೇರಿಗಳಲ್ಲಿ ಹೆಂಗಸರು ಶಾಲು ಹೊದ್ದು ಕೂರುವುದನ್ನು ತಮಾಷೆ ಮಾಡುವವರನ್ನು ನೀವೂ ನೋಡಿರುತ್ತೀರಿ. 2015ರಲ್ಲಿ ನೆದರ್‌ಲ್ಯಾಂಡ್ಸ್‌ನ ಇಬ್ಬರು ಸಂಶೋಧಕರು ಹಗುರ ಕಚೇರಿ ಕೆಲಸ ಮಾಡುವ 16 ಯುವತಿಯರ ದೇಹ ಹುಟ್ಟಿಸುವ ಶಾಖವನ್ನು ಅಳೆದರು. ಮಾನದಂಡದಲ್ಲಿ ಹಿಡಿದ ಅಂಕಿ ಹೆಂಗಸರ ನಿಜವಾದ ಶಾಖಕ್ಕಿಂತ ಶೇ 35ರವರೆಗೂ ಹೆಚ್ಚಿರಬಹುದು ಎಂದು ಅವರು ಲೆಕ್ಕ ಕೊಟ್ಟರು. 16 ಜನರ ಅಧ್ಯಯನ ಚಿಕ್ಕದು, ಅದರ ಮೇಲೆ ಭಾರಿ ಮಹಲು ಕಟ್ಟಲಾಗದು. ಆದರೂ ಹೆಣ್ಣಾಗಿ ಈ ವೃತ್ತಿಯಲ್ಲಿರುವ ನನಗೆ ಅದನ್ನು ಓದಿದಾಗ ಅನ್ನಿಸಿದ್ದು, ಈ ಪ್ರಶ್ನೆ ಕೇಳಲು ನಲವತ್ತು ವರ್ಷಕ್ಕೂ ಮೀರಿ ಬೇಕಾಯಿತೇ ಎಂದು. ಹೆಂಗಸರು ಕೂತಲ್ಲಿ ಚಳಿಯಾಗುತ್ತದೆ ಎಂದು ಅಷ್ಟು ವರ್ಷವೂ ಬಾಯಿಬಿಟ್ಟೇ ಹೇಳುತ್ತಿದ್ದರಲ್ಲ. ವಯಸ್ಸಾದವರ ವಿಷಯವಂತೂ ಇನ್ನೂ ಸೂಕ್ಷ್ಮ. ವಯಸ್ಸಾದಂತೆ ಬೆವರುವ ಶಕ್ತಿ, ಬಾಯಾರಿಕೆಯ ಅರಿವು ಎರಡೂ ಕುಗ್ಗುತ್ತವೆ. ಅಪಾಯದ ಹೊತ್ತಿನಲ್ಲೂ ‘ಪರವಾಗಿಲ್ಲ’ ಅನ್ನುವವರು ಅವರು. ಅವರ ವಿಷಯದಲ್ಲಿ ಬರೇ ಕೇಳಿದರೆ ಸಾಲದು, ಅಳೆಯಲೂ ಬೇಕು.

ಪ್ರಯೋಗಾಲಯದಿಂದ ಹೊರಗೆ ಬಂದು ನೋಡಿದವರೂ ಇದ್ದರು. ಬ್ರಿಟನ್ನಿನ ಮೈಕೆಲ್ ಹಂಫ್ರೀಸ್ ಮತ್ತು ಫರ್ಗಸ್ ನಿಕೋಲ್ 1970ರ ದಶಕದಲ್ಲೇ, ಜನ ತಾವು ಇರುವ ಹವೆಗೆ ಒಗ್ಗಿಕೊಳ್ಳುತ್ತಾರೆ, ಕಿಟಕಿ ತೆರೆಯುತ್ತಾರೆ, ಬಟ್ಟೆ ಬದಲಿಸುತ್ತಾರೆ, ಜಾಗ ಬದಲಿಸುತ್ತಾರೆ, ಹಿತವೆನಿಸುವ ಉಷ್ಣತೆ ಅದರ ಜೊತೆಗೇ ಸರಿಯುತ್ತದೆ ಎಂದು ವಾದಿಸಿದರು. 1998ರಲ್ಲಿ ರಿಚರ್ಡ್ ಡಿ ಡಿಯರ್ ಮತ್ತು ಗೇಲ್ ಬ್ರೇಗರ್ 160 ಕಟ್ಟಡಗಳಿಂದ ಬಂದ ಸುಮಾರು 21,000 ಉತ್ತರಗಳನ್ನು ಒಟ್ಟಿಗೆ ಹರಡಿ ನೋಡಿದರು. ಕಿಟಕಿ ತೆರೆಯಬಲ್ಲ ಕಟ್ಟಡದ ಜನ, ಮುಚ್ಚಿದ ಗಾಜಿನ ಕಟ್ಟಡದವರಿಗಿಂತ ಬಹಳ ಅಗಲವಾದ ಉಷ್ಣತೆಯ ವ್ಯಾಪ್ತಿಯನ್ನು ಹಿತವೆಂದೇ ಹೇಳಿದ್ದರು. 2004ರಲ್ಲಿ ಈ ಅರಿವು ಅಮೆರಿಕದ ಮಾನದಂಡದೊಳಗೂ ಬಂತು. ಜನರನ್ನು ಅವರಿದ್ದಲ್ಲೇ ಹೋಗಿ ಕೇಳಿದ್ದಕ್ಕೆ ಸಿಕ್ಕ ಫಲ ಅದು. ಆದರೆ ಆ 160ರಲ್ಲಿ ಬಹುತೇಕ ಕಚೇರಿಗಳು. ಮಂಚದ ಮೇಲೆ, ಅಡುಗೆ ಒಲೆಯ ಮುಂದೆ, ತೊಟ್ಟಿಲ ಪಕ್ಕದಲ್ಲಿ ಅಷ್ಟು ದೊಡ್ಡ ಪ್ರಮಾಣದಲ್ಲಿ ಯಾರು ಕೇಳಿದ್ದಾರೆ?

ಗಾಳಿಯ ಕಥೆ ಇದಕ್ಕಿಂತ ಕಹಿ. 1858ರಲ್ಲೇ ಮ್ಯೂನಿಕ್‌ನ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ ಕೋಣೆಯ ಗಾಳಿ ಹಳಸಿದೆಯೇ ಎಂದು ತಿಳಿಯಲು ಇಂಗಾಲದ ಡೈಆಕ್ಸೈಡ್ ಅಳೆಯಿರಿ ಎಂದರು. ಹತ್ತು ಲಕ್ಷಕ್ಕೆ 1,000 ಭಾಗ ಅವರು ಇಟ್ಟ ಗೆರೆ. ಆ ಅನಿಲ ಅಷ್ಟು ಪ್ರಮಾಣದಲ್ಲಿ ವಿಷ ಎಂದು ಅವರು ಹೇಳಲಿಲ್ಲ. ನಮ್ಮ ಉಸಿರು, ಮೈವಾಸನೆ ಎಷ್ಟು ತುಂಬಿಕೊಂಡಿದೆ ಎಂಬುದಕ್ಕೆ ಅದೊಂದು ಗುರುತು ಅಷ್ಟೇ. ಈ ಸೂಕ್ಷ್ಮ ಇಂದಿಗೂ ಎಷ್ಟೋ ಮೀಟರು ಮಾರುವವರಿಗೆ ಗೊತ್ತಿಲ್ಲ. 1973ರ ತೈಲ ಬಿಕ್ಕಟ್ಟಿನ ನಂತರ ಇಂಧನ ಉಳಿಸುವ ಭರದಲ್ಲಿ ಕಟ್ಟಡಗಳನ್ನು ಬಿಗಿಯಾಗಿ ಮುಚ್ಚಲಾಯಿತು. 1981ರ ಅಮೆರಿಕದ ಮಾನದಂಡ ಧೂಮಪಾನವಿಲ್ಲದ ಕಚೇರಿಯಲ್ಲಿ ತಲೆಗೆ ಸೆಕೆಂಡಿಗೆ ಸುಮಾರು 2.5 ಲೀಟರ್ ಹೊರಗಾಳಿ ಸಾಕು ಎಂದಿತು. ತಲೆನೋವು, ಕಣ್ಣುರಿ, ಗಂಟಲ ಕೆರೆತ, ಮಂಕುತನ ಎಂಬ ದೂರುಗಳು ಕಟ್ಟಡ ಕಟ್ಟಡಗಳಿಂದ ಏಳತೊಡಗಿದವು. ಜನ ಮನೆಗೆ ಹೋದರೆ ವಾಸಿ, ಮತ್ತೆ ಒಳಗೆ ಬಂದರೆ ಶುರು. ಕಟ್ಟಡಕ್ಕೇ ಕಾಯಿಲೆ ಎಂದು ಕರೆದದ್ದು ಆಗಲೇ. 1989ರಲ್ಲಿ ಕನಿಷ್ಠ ಮಟ್ಟವನ್ನು ಸುಮಾರು 7.5 ಲೀಟರಿಗೆ ಏರಿಸಲಾಯಿತು. ಗಾಳಿ ಕಡಿಮೆಯಾದದ್ದೊಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಹೊಸ ಬಣ್ಣ, ಅಂಟು, ಜಮಖಾನೆಗಳ ಪಾಲೂ ಇತ್ತು. ಆದರೆ ಒಂದು ಸಾಲು ತಿದ್ದಿದ್ದರ ಪರಿಣಾಮವನ್ನು ನೋಡಲು ಯಾರನ್ನೂ ನೇಮಿಸಿರಲಿಲ್ಲ, ತಲೆನೋವು ಬಂದವರು ತಾವೇ ಬಂದು ಹೇಳಬೇಕಾಯಿತು.

2020ರಲ್ಲಿ ಮತ್ತದೇ. ಕೊರೊನಾ ವೈರಾಣು ಒಳಾಂಗಣದ ಗಾಳಿಯಲ್ಲಿ ತೇಲಿಕೊಂಡು ಹರಡಬಲ್ಲದು ಎಂಬುದನ್ನು ಒಪ್ಪಿಕೊಳ್ಳಿ ಎಂದು 239 ವಿಜ್ಞಾನಿಗಳ ಬೆಂಬಲದೊಂದಿಗೆ ಲಿಡಿಯಾ ಮೊರಾವ್‌ಸ್ಕಾ ಮತ್ತು ಡೊನಾಲ್ಡ್ ಮಿಲ್ಟನ್ ಬಹಿರಂಗವಾಗಿ ಮನವಿ ಮಾಡಬೇಕಾಯಿತು. ಗಾಳಿಯಾಟದ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಬಂದದ್ದು 2021ರ ಮಾರ್ಚಿನಲ್ಲಿ.

ಮಲಗುವ ಕೋಣೆಗೆ ಬರುತ್ತೇನೆ. ನನ್ನ ಮಟ್ಟಿಗೆ ನಿಮ್ಮ ನಿಯಮದ ಅತಿ ದೊಡ್ಡ ಕುರುಡು ಮೂಲೆ ಇದೇ. ನಾವು ಬಿಸಿಯ ಲೆಕ್ಕ ಹಾಕುವುದು ಹಗಲಿಗೆ. ಚಾವಣಿಯ ಕಾಂಕ್ರೀಟು ಹಗಲಿಡೀ ಹೀರಿದ ಬಿಸಿಲನ್ನು ಒಳಗೆ ಬಿಡುವುದು ಗಂಟೆಗಟ್ಟಲೆ ತಡವಾಗಿ, ಜನ ಹಾಸಿಗೆ ಹಾಸುವ ಹೊತ್ತಿಗೆ. ಆಗ ಗಾಳಿಯ ಉಷ್ಣತೆ ಅಳೆದರೆ ಅಂಥದ್ದೇನೂ ಕಾಣುವುದಿಲ್ಲ, ಮೇಲಿನಿಂದ ಸೂಸುವ ಕಾವು ಮಾತ್ರ ಮೈಗೆ ತಟ್ಟುತ್ತಲೇ ಇರುತ್ತದೆ. ಇದನ್ನು ಅಳೆಯಲು ಕಪ್ಪು ಬಳಿದ ಟೊಳ್ಳು ಗೋಳದೊಳಗೆ ಥರ್ಮಾಮೀಟರ್ ಇಡುವ ಸರಳ ಉಪಾಯ 1930ರ ದಶಕದಿಂದಲೂ ಇದೆ. ಎಷ್ಟು ಮನೆಗಳಲ್ಲಿ ಅದನ್ನು ತೂಗುಹಾಕಿ ನೋಡಿದ್ದೇವೆ? 1995ರ ಜುಲೈಯಲ್ಲಿ ಶಿಕಾಗೋದ ಬಿಸಿಗಾಳಿಗೆ 700ಕ್ಕೂ ಹೆಚ್ಚು ಜನ ಸತ್ತರು. 2003ರ ಆಗಸ್ಟಿನಲ್ಲಿ ಫ್ರಾನ್ಸ್‌ನಲ್ಲಿ ಸುಮಾರು 15,000. ಫ್ರಾನ್ಸಿನಲ್ಲಿ ಸತ್ತವರ ಮತ್ತು ಬದುಕಿದವರ ಮನೆಗಳನ್ನು ಹೋಲಿಸಿ ನೋಡಿದಾಗ ಚಾವಣಿಗೆ ತಾಗಿದ ಮೇಲಂತಸ್ತಿನ ಮಲಗುವ ಕೋಣೆ, ಉಷ್ಣನಿರೋಧಕ ಹೊದಿಕೆಯಿಲ್ಲದ ಗೋಡೆ ಸಾವಿನ ಅಪಾಯವನ್ನು ಹೆಚ್ಚಿಸಿದ್ದು ಕಂಡಿತು. ಮರಣ ಪ್ರಮಾಣಪತ್ರದಲ್ಲಿ ಬರೆದದ್ದು ಹೃದಯವೋ ಶ್ವಾಸಕೋಶವೋ ಇರಬಹುದು. ಆ ಚಾವಣಿಯ ನಕ್ಷೆಗೆ ಮಾತ್ರ ಯಾರೋ ಒಪ್ಪಿಗೆ ಕೊಟ್ಟಿದ್ದರು.

‘ಇದನ್ನೆಲ್ಲ ಮನೆಮನೆಗೆ ಹೋಗಿ ನೋಡಲು ಸಾಧ್ಯವೇ’ ಎಂದು ಕೇಳುತ್ತೀರಿ. ಮಾಡಿದವರಿದ್ದಾರೆ. ನ್ಯೂಜಿಲೆಂಡಿನಲ್ಲಿ ಫಿಲಿಪಾ ಹೌಡನ್-ಚಾಪ್‌ಮನ್ ಅವರ ತಂಡ ಕಡಿಮೆ ಆದಾಯದ ಏಳು ಸಮುದಾಯಗಳ 1,350 ಮನೆಗಳನ್ನು ಆಯ್ದು, ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿನ ಮನೆಗಳಿಗೆ ಮೊದಲು ಉಷ್ಣನಿರೋಧಕ ಹೊದಿಕೆ ಹಾಕಿಸಿತು. ಇನ್ನೊಂದು ಗುಂಪಿಗೆ ಅಧ್ಯಯನ ಮುಗಿದ ಮೇಲೆ. 2007ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಅಂಕಿ: ಚಳಿಗಾಲದಲ್ಲಿ ಮಲಗುವ ಕೋಣೆ ಬಿಸಿಯಾದದ್ದು ಸರಾಸರಿ ಬರೀ ಅರ್ಧ ಡಿಗ್ರಿ. ತೇವಾಂಶ ಕೂಡ ಕೊಂಚವೇ ಇಳಿಯಿತು. ಆದರೆ ಉಬ್ಬಸ ಕಡಿಮೆಯಾಯಿತು, ಮಕ್ಕಳು ಶಾಲೆ ತಪ್ಪಿಸುವುದು, ದೊಡ್ಡವರು ಕೆಲಸ ತಪ್ಪಿಸುವುದು ಎರಡೂ ಗಣನೀಯವಾಗಿ ಇಳಿದವು. ನನ್ನ ಸಾಫ್ಟ್‌ವೇರ್ ಅರ್ಧ ಡಿಗ್ರಿಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಒಳಗಿದ್ದ ಜನರ ಮೈ ಹಿಡಿಯಿತು. ಆ ದೇಶದ ಸರ್ಕಾರ ಮೊದಲು ಹೊದಿಕೆಗೆ ಸಹಾಯಧನ ಕೊಟ್ಟಿತು. ಆಮೇಲೆ 2019ರಲ್ಲಿ ಬಾಡಿಗೆ ಮನೆಗಳಿಗೆ ಬಿಸಿ, ಹೊದಿಕೆ, ಗಾಳಿಯಾಟ, ತೇವ, ಬಿರುಕುಗಳ ಬಗ್ಗೆ ಕಡ್ಡಾಯ ನಿಯಮ ತಂದಿತು. ಬಾಡಿಗೆ ಮನೆಯನ್ನು ಹೆಸರಿಟ್ಟು ಹೇಳಿದ್ದು ಮುಖ್ಯ. ಗೋಡೆ ರಿಪೇರಿಯ ಖರ್ಚು ಒಬ್ಬರದು, ಕೆಮ್ಮು ಇನ್ನೊಬ್ಬರದು ಆಗಿರುವ ಕಡೆ ಸದ್ಭಾವನೆಯನ್ನು ನಂಬಿ ಕೂತರೆ ಆಗುವ ಕೆಲಸವಲ್ಲ ಇದು.

ಮೆಕ್ಸಿಕೋದಲ್ಲಿ 2000ದ ದಶಕದಲ್ಲಿ ಮಣ್ಣಿನ ನೆಲದ ಬಡವರ ಮನೆಗಳಿಗೆ ಸರ್ಕಾರವೇ ಸಿಮೆಂಟ್ ನೆಲ ಹಾಕಿಸಿತು. ಕಾರ್ಯಕ್ರಮ ತಲುಪಿದ ಊರನ್ನು, ರಾಜ್ಯದ ಗಡಿಯಾಚೆಗಿದ್ದು ಅದು ತಲುಪದ ಅಕ್ಕಪಕ್ಕದ ಊರುಗಳೊಂದಿಗೆ ಹೋಲಿಸಿದ ಅಧ್ಯಯನ 2009ರಲ್ಲಿ ಬಂತು. ಮಕ್ಕಳಲ್ಲಿ ಹೊಟ್ಟೆಹುಳು, ಭೇದಿ, ರಕ್ತಹೀನತೆ ಇಳಿದಿದ್ದವು. ಅದು ನಿರೀಕ್ಷಿತವೇ. ಅಧ್ಯಯನದವರು ತಾಯಂದಿರನ್ನೂ ಕೂರಿಸಿಕೊಂಡು ಕೇಳಿದ್ದರು: ಮನೆಯ ಬಗ್ಗೆ, ಬದುಕಿನ ಬಗ್ಗೆ ಅವರಿಗೆ ತೃಪ್ತಿ ಹೆಚ್ಚಿತ್ತು, ಖಿನ್ನತೆ ಮತ್ತು ಒತ್ತಡದ ಅಂಕಗಳು ತಗ್ಗಿದ್ದವು. ಆರೋಗ್ಯ ಬೇರೆ, ಹಿತ ಬೇರೆ, ಎರಡನೆಯದು ಉಳ್ಳವರ ಶೋಕಿ ಎಂದು ಸಭೆಗಳಲ್ಲಿ ಆಗಾಗ ಕೇಳುತ್ತೇನೆ. ಆ ತಾಯಂದಿರಿಗೆ ಎರಡೂ ಒಂದೇ ನೆಲದ ಮೇಲಿದ್ದವು.

ಫಲ ಬಾರದ ಪ್ರಯೋಗಗಳ ಮಾತನ್ನೂ ಆಡಿಬಿಡಬೇಕು, ಇಲ್ಲದಿದ್ದರೆ ನಾನು ಮಾರಾಟಕ್ಕೆ ಬಂದವಳಂತೆ ಕಾಣುತ್ತೇನೆ. ಗ್ವಾಟೆಮಾಲಾದಲ್ಲಿ ಕರ್ಕ್ ಸ್ಮಿತ್ ಮತ್ತು ಸಂಗಡಿಗರು ತೆರೆದ ಬೆಂಕಿಯ ಬದಲು ಚಿಮಣಿಯಿರುವ ಸೌದೆ ಒಲೆಗಳನ್ನು ಕೊಟ್ಟು ಮಕ್ಕಳ ನ್ಯುಮೋನಿಯಾ ಎಷ್ಟು ಇಳಿಯುತ್ತದೆ ನೋಡಿದರು. ಹೊಗೆ ಸುಮಾರು ಅರ್ಧಕ್ಕೆ ಇಳಿಯಿತು, ಆದರೆ ವೈದ್ಯರು ಗುರುತಿಸಿದ ನ್ಯುಮೋನಿಯಾ ಖಚಿತವಾಗಿ ಹೇಳುವಷ್ಟು ಇಳಿಯಲಿಲ್ಲ. ತೀವ್ರವಾದ ನ್ಯುಮೋನಿಯಾದಲ್ಲಿ ಮಾತ್ರ ಇಳಿಕೆ ಕಂಡಿತು. 2011ರಲ್ಲಿ ಅವರು ಇದನ್ನು ಹಾಗೆಯೇ ಪ್ರಕಟಿಸಿದರು. ಅರ್ಧ ಹೊಗೆ ಎಂದರೂ ಅದು ಬಹಳ ಹೊಗೆಯೇ ಎಂಬುದು ಇದರಿಂದ ತಿಳಿಯಿತು. ಒಲೆ ಹಂಚಿದ ಸಂಖ್ಯೆಯನ್ನೇ ಸಾಧನೆ ಎಂದು ವರದಿ ಬರೆದು ಕೈತೊಳೆದುಕೊಂಡಿದ್ದರೆ ಈ ಮಾತು ನಮಗೆ ಗೊತ್ತೇ ಆಗುತ್ತಿರಲಿಲ್ಲ. ನೀವು ಅಳೆಸಿದ ಮೇಲೆ ಫಲಿತಾಂಶ ನಿಮಗೆ ಮುಜುಗರ ತರುವಂತಿದ್ದರೂ ಹೊರಗೆ ಬಿಡಬೇಕು ಎನ್ನುವುದು ಇದಕ್ಕೇ.

ಇದರ ಎದುರು ಒಂದು ಚಿಕ್ಕ ತಕರಾರು, ನನ್ನದೇ ವೃತ್ತಿಯವರ ಮೇಲೆ. ಕಿಟಕಿಯಿಂದ ಮರ ಕಂಡರೆ ರೋಗಿ ಬೇಗ ಗುಣವಾಗುತ್ತಾನೆ ಎಂದು ಪ್ರತಿಯೊಂದು ಆಸ್ಪತ್ರೆಯ ಯೋಜನೆಯ ಸಭೆಯಲ್ಲೂ ಯಾರಾದರೂ ಒಂದು ಚಿತ್ರ ತೋರಿಸುತ್ತಾರೆ. ಅದು ರೋಜರ್ ಉಲ್ರಿಕ್ 1984ರಲ್ಲಿ ಪ್ರಕಟಿಸಿದ ಅಧ್ಯಯನ. ಪಿತ್ತಕೋಶದ ಶಸ್ತ್ರಚಿಕಿತ್ಸೆ ಆದವರು 23 ಜೋಡಿ, ಅಂದರೆ 46 ಜನ. ಮರ ಕಂಡವರು ಸರಾಸರಿ 7.96 ದಿನ ಇದ್ದರು, ಇಟ್ಟಿಗೆ ಗೋಡೆ ಕಂಡವರು 8.70 ದಿನ. ಸೊಗಸಾದ ಕೆಲಸ, ಪ್ರಶ್ನೆಯೇ ಇಲ್ಲ. ಆದರೆ ಅದನ್ನು ತಾಯತದಂತೆ ಕಟ್ಟಿಕೊಂಡು ತಿರುಗುವ ನಾವು, ನಾವೇ ಕಟ್ಟಿದ ಆಸ್ಪತ್ರೆಗಳಲ್ಲಿ ಎಷ್ಟು ರೋಗಿಗಳನ್ನು ಹಾಗೆ ಜೋಡಿ ಮಾಡಿ ನೋಡಿದ್ದೇವೆ?

ಸದ್ದಿನ ಬಗ್ಗೆ ಒಂದೇ ಉದಾಹರಣೆ ಸಾಕು. ನ್ಯೂಯಾರ್ಕಿನ ಒಂದು ಶಾಲೆಯ ಒಂದು ಮಗ್ಗುಲಿಗೆ ತಾಗಿಕೊಂಡಂತೆ ಎತ್ತರದ ಹಳಿಯ ಮೇಲೆ ರೈಲು ಓಡುತ್ತಿತ್ತು. 1975ರಲ್ಲಿ ಆರ್ಲೀನ್ ಬ್ರಾನ್‌ಜಾಫ್ಟ್ ಅದೇ ಶಾಲೆಯ ಎರಡು ಮಗ್ಗುಲ ತರಗತಿಗಳನ್ನು ಹೋಲಿಸಿ, ರೈಲಿನ ಕಡೆಯ ಮಕ್ಕಳು ಓದಿನಲ್ಲಿ ಹಿಂದೆ ಬಿದ್ದಿದ್ದಾರೆಂದು ತೋರಿಸಿದರು. ಹಳಿಗೆ ರಬ್ಬರ್ ಮೆತ್ತೆ, ತರಗತಿಯ ಚಾವಣಿಗೆ ಸದ್ದು ಹೀರುವ ಹಲಗೆ ಹಾಕಲಾಯಿತು. ಆಮೇಲೆ ಅವರು ಮತ್ತೆ ಹೋಗಿ ಅಳೆದರು, 1981ರಲ್ಲಿ ವರದಿ ಮಾಡಿದರು: ಎರಡೂ ಕಡೆಯ ಮಕ್ಕಳ ಓದು ಸಮನಾಗಿತ್ತು. ಮೊದಲ ಅಳತೆ ಜಗಳಕ್ಕೆ ಸಾಕಾಯಿತು, ಎರಡನೆಯದು ದುರಸ್ತಿಗೆ ಹಾಕಿದ ಹಣ ಸಾರ್ಥಕವೇ ಎಂಬ ಪ್ರಶ್ನೆಗೆ ಉತ್ತರ ಕೊಟ್ಟಿತು.

ಬೆಳಕಿನ ನಿಯಮವಂತೂ ಇನ್ನೂ ಮೇಜಿನ ಮೇಲೆ ಅಕ್ಷರ ಕಾಣುತ್ತದೆಯೇ ಎಂಬಲ್ಲೇ ಇದೆ. ಕಣ್ಣಿನಲ್ಲಿ ನೋಟಕ್ಕಿಂತ ಹೆಚ್ಚಾಗಿ ದೇಹದ ಗಡಿಯಾರಕ್ಕೆ ಹಗಲು ರಾತ್ರಿಯ ಸುದ್ದಿ ಮುಟ್ಟಿಸುವ ಬೇರೆ ಜೀವಕೋಶಗಳಿವೆ ಎಂಬುದು 2002ರಲ್ಲೇ ಖಚಿತವಾಯಿತು. ಮೋಡ ಕವಿದ ಹಗಲಲ್ಲೂ ಹೊರಗೆ ಸಾವಿರಾರು ಲಕ್ಸ್ (ಬೆಳಕನ್ನು ಅಳೆಯುವ ಮಾನ) ಬೆಳಕಿರುತ್ತದೆ, ನಾವು ಕಚೇರಿಗೆ ಹಿಡಿಯುವುದು 300ರಿಂದ 500. ಹಗಲು ಒಳಗೆ ಕತ್ತಲೆ, ರಾತ್ರಿ ಒಳಗೆ ಹಗಲು, ಇದೇ ಈಗಿನ ವಾಡಿಕೆ.

ಇನ್ನು ನಾನು ಕೇಳುವುದರ ವಿವರ. ವಾಸಕ್ಕೆ ಬಂದ ಮೊದಲ ವರ್ಷದೊಳಗೆ, ಅತಿ ಸೆಕೆಯ ಒಂದು ವಾರ, ಅತಿ ಚಳಿಯ ಅಥವಾ ತೇವದ ಒಂದು ವಾರ, ಮಾದರಿಗೆ ಆಯ್ದ ಮನೆಗಳಲ್ಲಿ ಅಳೆಯಿರಿ. ಎಲ್ಲ ಮನೆಗಳೂ ಬೇಡ. ಆಯ್ಕೆ ಮಾತ್ರ ಕಟ್ಟಿದವರ ಕೈಯಲ್ಲಿರಬಾರದು, ಮೇಲಂತಸ್ತಿನ ಮತ್ತು ರಸ್ತೆ ಬದಿಯ ಮನೆಗಳು ಅದರಲ್ಲಿ ಇರಲೇಬೇಕು. ರಾತ್ರಿ ಮಲಗುವ ಕೋಣೆಯಲ್ಲಿ ಅಳೆಯಿರಿ: ಗಾಳಿಯ ಉಷ್ಣತೆ, ಗೋಳದ ಉಷ್ಣತೆ, ತೇವಾಂಶ, ಇಂಗಾಲದ ಡೈಆಕ್ಸೈಡ್, ಸದ್ದು, ಅಡುಗೆಮನೆಯಲ್ಲಿ ಸೂಕ್ಷ್ಮ ಕಣಗಳು. ಈ ಉಪಕರಣಗಳು ಇಂದು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕವು. ಜೊತೆಗೆ ಮನೆಯಲ್ಲಿ ಹೆಚ್ಚು ಹೊತ್ತು ಇರುವವರನ್ನು ಕೇಳಿ. ಬಾಗಿಲು ತೆರೆದು ಮಾತಾಡುವ ಯಜಮಾನರು ಹಲವು ಬಾರಿ ಹಗಲಿಡೀ ಮನೆಯಲ್ಲೇ ಇರದವರು.

ಒಂದು ಎಚ್ಚರ. ಮಲಗುವ ಕೋಣೆಯಲ್ಲಿ ಇಂಗಾಲದ ಡೈಆಕ್ಸೈಡ್ ಅಳೆದರೆ ಅಲ್ಲಿ ಎಷ್ಟು ಜನ, ಯಾವಾಗ ಇದ್ದರು ಎಂಬುದೂ ತಿಳಿದುಬಿಡುತ್ತದೆ. ಹಾಗಾಗಿ ಮನೆಯವರ ಒಪ್ಪಿಗೆಯಿಲ್ಲದೆ ಉಪಕರಣ ಇಡಬಾರದು, ಅಳತೆಯ ಪ್ರತಿ ಮೊದಲು ಅವರ ಕೈಗೆ ಸಿಗಬೇಕು, ಮನೆಯ ಗುರುತು ಅಳಿಸಿದ ಮೇಲೆಯೇ ಉಳಿದವರಿಗೆ. ಮನೆಯಲ್ಲಿ ಹೆಚ್ಚು ಜನ ಇದ್ದಾರೆಂದು ಈ ಅಂಕಿ ಹಿಡಿದು ಬಾಡಿಗೆದಾರರನ್ನು ಎಬ್ಬಿಸಲು ಯಾರಿಗೂ ಅವಕಾಶ ಇರಕೂಡದು. ಇದನ್ನು ನಿಯಮದಲ್ಲೇ ಬರೆಯದೆ ಹೋದರೆ ಜನ ಬಾಗಿಲು ತೆರೆಯುವುದಿಲ್ಲ, ತೆರೆಯಲೂಬಾರದು.

ಖರ್ಚಿನ ಮಾತು ಬಂದೇ ಬರುತ್ತದೆ. ಅಳತೆಯ ಖರ್ಚನ್ನು ಕಟ್ಟುವವರು ಅನುಮೋದನೆಯ ಶುಲ್ಕದ ಜೊತೆಗೇ ಮುಂಗಡವಾಗಿ ನಿಮ್ಮಲ್ಲಿ ಇಡಲಿ, ಅಳೆಯುವವರನ್ನು ನೀವು ನೇಮಿಸಿ. ನಾನೇ ಹಾಕಿದ ಲೆಕ್ಕವನ್ನು ನಾನೇ ಹೋಗಿ ಸರಿ ಎನ್ನುವ ಏರ್ಪಾಡು ಬೇಡ. ಅಳತೆಯಲ್ಲಿ ಕಟ್ಟಡ ಸೋತರೆ ಮೊದಲ ಕೆಲವು ವರ್ಷ ದಂಡ ಹಾಕಬೇಡಿ, ದುರಸ್ತಿಗೆ ಗಡುವು ಕೊಡಿ. ದಂಡದ ಭಯವಿದ್ದರೆ ಅಳೆಯುವ ವಾರ ಮಾತ್ರ ಕಿಟಕಿಗಳೆಲ್ಲ ತೆರೆದಿರುತ್ತವೆ. ಈ ವೃತ್ತಿಯಲ್ಲಿ ಇಷ್ಟು ಕಾಲ ಇದ್ದವಳು ನಾನು, ನಮ್ಮವರ ಚಾಣಾಕ್ಷತನ ನನಗೆ ಗೊತ್ತು.

ಮುಂದಿನ ಬಾರಿ ನಿಯಮ ಪರಿಷ್ಕರಣೆಗೆ ಸಮಿತಿ ರಚಿಸುವಾಗ ನಮ್ಮಂಥ ಎಂಜಿನಿಯರುಗಳ ಜೊತೆಗೆ ಒಬ್ಬ ಸಾರ್ವಜನಿಕ ಆರೋಗ್ಯ ತಜ್ಞರನ್ನು, ಬಾಡಿಗೆ ಮನೆಯಲ್ಲಿರುವ ಒಬ್ಬರನ್ನು, ಮನೆಯಲ್ಲೇ ವೃದ್ಧರ ಆರೈಕೆ ಮಾಡುವ ಒಬ್ಬರನ್ನು ಮತದಾನದ ಹಕ್ಕಿನೊಂದಿಗೆ ಸೇರಿಸಿ. ನಾನು ಸಹಿ ಮಾಡಿದ ಕಟ್ಟಡಗಳಿಂದಲೇ ಮೊದಲ ಮಾದರಿ ಆಯ್ದುಕೊಳ್ಳುವುದಾದರೆ ನನ್ನ ಲೆಕ್ಕದ ಹಾಳೆಗಳನ್ನು ಪೂರ್ತಿಯಾಗಿ ಕೊಡಲು ಒಪ್ಪಿದ್ದೇನೆ.

ಇಂತಿ ನಿಮ್ಮ ವಿಶ್ವಾಸಿ,
ಕಟ್ಟಡಗಳ ಗಾಳಿ ಬೆಳಕಿನ ಲೆಕ್ಕ ಬರೆಯುವ ಒಬ್ಬ ಎಂಜಿನಿಯರ್